ಗದ್ದೆ ಒಂದೇ, ಪಾಲುದಾರರು ಐದಾರು ಮಂದಿ: ಕಾಮಕುರದ ಶೋಗುನ್ ನಿಜಕ್ಕೂ ಹಂಚಿದ್ದೇನು?

ಹೊಳೆದಂಡೆ:
ಒಂದು ವಿಷಯ ತಲೆಗೆ ಹತ್ತುತ್ತಿಲ್ಲ. 1192ರಲ್ಲಿ ಪೂರ್ವದ ಕಾಮಕುರ ಊರಿನಲ್ಲಿ ಕೂತಿದ್ದ ಯೊರಿತೊಮೊ ಶೋಗುನ್ (ಯೋಧರ ಮುಖ್ಯಸ್ಥ) ಆದ, ಅಲ್ಲಿಂದ ಜಪಾನಿನಲ್ಲಿ ಸಮುರಾಯ್‌ಗಳ ಆಳ್ವಿಕೆ ಶುರುವಾಯಿತು ಅಂತ ಎಲ್ಲ ಕಡೆ ಓದುತ್ತೇವೆ. ಆದರೆ ಅದೇ ಕಾಲದಲ್ಲಿ ಚಕ್ರವರ್ತಿಯ ರಾಜಧಾನಿ ಕ್ಯೋತೋದ ತೋಜಿಯಂಥ ದೇವಾಲಯಗಳಿಗೆ, ಫುಜಿವಾರಾ ಮನೆತನದವರಿಗೆ, ನಿವೃತ್ತ ಚಕ್ರವರ್ತಿಗಳಿಗೆ ದೂರದೂರದ ಹಳ್ಳಿಗಳಿಂದ ವರ್ಷಾವರಿ ಅಕ್ಕಿ ಬರುತ್ತಲೇ ಇತ್ತು. ಅದೂ ಇನ್ನೂ ಇನ್ನೂರು ಮುನ್ನೂರು ವರ್ಷ! ಕತ್ತಿ ಹಿಡಿದವನೇ ಗೆದ್ದಿದ್ದರೆ ಭಿಕ್ಷುಗಳಿಗೆ ಅಕ್ಕಿ ಕಳಿಸುವ ಹಂಗೇನಿತ್ತು? ಶೋಗುನ್ ತನ್ನ ಕಡೆಯವರಿಗೆ ‘ಜಮೀನು ಕೊಟ್ಟ’ ಅನ್ನುತ್ತಾರಲ್ಲ, ಕೊಟ್ಟಿದ್ದಾದರೂ ಏನು? ಬಲ್ಲವರು ಬಿಡಿಸಿ ಹೇಳಿ.

ಕಡತದಹುಳು:
ಕೊನೆಯ ಪ್ರಶ್ನೆಯಿಂದಲೇ ಹಿಡಿಯುತ್ತೇನೆ. ಅವನು ಕೊಟ್ಟಿದ್ದು ಜಮೀನಲ್ಲ, ಜಮೀನಿನ ಮೇಲಿನ ಒಂದು ಹುದ್ದೆ. ಆ ಹುದ್ದೆಗೆ ಒಂದಿಷ್ಟು ಹುಟ್ಟುವಳಿ. ಹೆಸರು ಜಿತೋ: ಸ್ಥಳದಲ್ಲೇ ಕೂತು ಕಂದಾಯ ಎತ್ತಿ ಮೇಲಕ್ಕೆ ಕಳಿಸುವವನು.

ಹಿನ್ನೆಲೆ ಸ್ವಲ್ಪ ಬೇಕು. ಪಾಳು ನೆಲವನ್ನು ಯಾರು ಗದ್ದೆ ಮಾಡುತ್ತಾರೋ ಅದು ಅವರಿಗೇ ಕಾಯಂ ಎಂದು 743ರಲ್ಲಿ ಅರಮನೆ ಒಂದು ಕಾಯಿದೆ ತಂದಿತು. ಕಾಲುವೆ ತೋಡಿಸಿ, ಆಳು ಹಚ್ಚಿ ಗದ್ದೆ ಎಬ್ಬಿಸುವ ತಾಕತ್ತು ಇದ್ದದ್ದು ದೊಡ್ಡ ದೇವಾಲಯಗಳಿಗೆ, ಸಿರಿವಂತ ಮನೆತನಗಳಿಗೆ. ಶೋಯೆನ್ ಎಂಬ ಖಾಸಗಿ ಎಸ್ಟೇಟುಗಳ ಬೇರು ಅಲ್ಲಿದೆ. ಮುಂದೆ ಇವುಗಳಿಗೆ ಕಂದಾಯ ಮಾಫಿ ಸಿಕ್ಕಿತು. ಆಮೇಲೆ ಪ್ರಾಂತ್ಯದ ಅಧಿಕಾರಿಗಳು ಒಳಗೆ ಕಾಲಿಡುವಂತೆಯೇ ಇಲ್ಲ ಎನ್ನುವ ವಿನಾಯಿತಿಯೂ ಸಿಕ್ಕಿತು.

12ನೇ ಶತಮಾನದ ಹೊತ್ತಿಗೆ ಊರಿನ ಭೂಒಡೆಯ ಗವರ್ನರನ ಕಾಟ ತಾಳಲಾರದೆ ತನ್ನ ನೆಲವನ್ನು ಕ್ಯೋತೋದ ಒಬ್ಬ ದೊಡ್ಡ ಮನುಷ್ಯನ ಹೆಸರಿಗೆ ಬರೆದುಕೊಟ್ಟು, ತಾನು ಅಲ್ಲೇ ಮೇಲ್ವಿಚಾರಕನಾಗಿ ಉಳಿಯುವುದು ರೂಢಿಯಾಯಿತು. ಆ ದೊಡ್ಡವನು ತನಗಿಂತ ದೊಡ್ಡವನ ಆಸರೆ ಹಿಡಿಯುತ್ತಿದ್ದ. ಹೀಗೆ ತುದಿಯಲ್ಲಿ ಹೊಂಕೆ, ಅವನ ಕೆಳಗೆ ರ್ಯೋಕೆ, ಸ್ಥಳದಲ್ಲಿ ಗೆಶಿ, ಅದರ ಕೆಳಗೆ ಕಂದಾಯದ ಹೊಣೆ ಹೊತ್ತ ಬೇಸಾಯಗಾರ ಮ್ಯೋಶು. ಪ್ರತಿಯೊಬ್ಬರಿಗೂ ಅದೇ ಫಸಲಿನಲ್ಲಿ ಒಂದೊಂದು ಪಾಲು. ಆ ಪಾಲಿನ ಹಕ್ಕಿಗೆ ಶಿಕಿ ಎನ್ನುತ್ತಿದ್ದರು. ಮಗನಿಗೆ ಬಿಡಬಹುದು, ಮಗಳಿಗೆ ಕೊಡಬಹುದು, ಒಡೆದು ಹಂಚಬಹುದು, ಮಾರಲೂಬಹುದು. ‘ಈ ಗದ್ದೆ ಯಾರದು?’ ಎಂದು ಕೇಳಿದರೆ ಆ ಕಾಲದ ಜಪಾನಿನಲ್ಲಿ ಒಂದು ಹೆಸರಿನ ಉತ್ತರ ಸಿಗುತ್ತಿರಲಿಲ್ಲ.

ಧಾರವಾಡದಾಂವ:
ಅಂದ್ರ ನಮ್ಮ ಇನಾಮು, ಉಂಬಳಿ ಇದ್ದಂಗ ಅಂತೀರೇನ್ರಿ?

ಕಡತದಹುಳು:
ಅರ್ಧ ಹೌದು ಸರ್. ಆದರೆ ಉಂಬಳಿಯಲ್ಲಿ ಮೇಲಿಂದ ಕೆಳಕ್ಕೆ ದೊರೆ ಕೊಡುತ್ತಾನೆ. ಇಲ್ಲಿ ಬಹಳಷ್ಟು ಸಲ ಕೆಳಗಿನವನೇ ಮೇಲಕ್ಕೆ ಬರೆದುಕೊಡುತ್ತಾನೆ. ಹೋಲಿಕೆಯನ್ನು ಅಲ್ಲಿಗೇ ಬಿಡೋಣ, ಇಲ್ಲದಿದ್ದರೆ ಈ ಥ್ರೆಡ್ ಪೂರ್ತಿ ಅದರಲ್ಲೇ ಮುಗಿಯುತ್ತದೆ.

ಕತ್ತಿವರಸೆ:
ಇಷ್ಟೆಲ್ಲ ಕಾಗದದ ಮಾತು ಯಾಕೆ? ಯೊರಿತೊಮೊ ಮಾಡಿದ್ದು ಸೀದಾ ದಬ್ಬಾಳಿಕೆ. 1185ರಲ್ಲಿ ಎದುರಾಳಿ ತೈರಾ ಮನೆತನವನ್ನು ಕಡಲಲ್ಲಿ ಮುಳುಗಿಸಿದ, ಅದೇ ವರ್ಷದ ಕೊನೆಗೆ ಕ್ಯೋತೋಗೆ ಸೈನ್ಯ ಕಳಿಸಿ, ‘ಶುಗೊ (ಪ್ರಾಂತ್ಯದ ಸೈನಿಕ ಅಧಿಕಾರಿ), ಜಿತೋ ನೇಮಿಸುವ ಅಧಿಕಾರ ಕೊಡಿ, ಪ್ರತಿ ತಾನ್ (ನೆಲದ ಅಳತೆ) ಗದ್ದೆಗೆ 5 ಶೋ (ಅಕ್ಕಿಯ ಮಾಪು) ಅಕ್ಕಿ ಸೈನ್ಯದ ಖರ್ಚಿಗೆ ಎತ್ತಲು ಬಿಡಿ’ ಅಂತ ಕೇಳಿಸಿದ. ಖಾಸಗಿ ಎಸ್ಟೇಟೂ ಇಲ್ಲ, ಸರ್ಕಾರಿ ನೆಲವೂ ಇಲ್ಲ, ಎಲ್ಲದರ ಮೇಲೂ! ಹೆದರಿದ ಅರಮನೆ ಒಪ್ಪಿತು. ಇದು ರೌಡಿಗಳು ವಸೂಲಿ ಮಾಡುವ ಹಫ್ತಾ ಅಲ್ಲದೆ ಇನ್ನೇನು?

ಕಡತದಹುಳು:
ಮುಂದಿನ ವರ್ಷ ಏನಾಯಿತು ಅನ್ನುವುದನ್ನೂ ಬರೆಯಿರಿ. 1186ರಲ್ಲಿ ಆ ಐದು ಶೋ ವಸೂಲಿಯನ್ನು ಅವನೇ ಕೈಬಿಟ್ಟ. ಜಿತೋಗಳ ನೇಮಕವೂ ತೈರಾ ಕಡೆಯವರಿಂದ, ದಂಗೆಕೋರರಿಂದ ಮುಟ್ಟುಗೋಲು ಹಾಕಿಕೊಂಡ ನೆಲಕ್ಕಷ್ಟೇ ಸೀಮಿತವಾಯಿತು. ದಬ್ಬಾಳಿಕೆಯಿಂದಲೇ ನಡೆಯುವುದಾಗಿದ್ದರೆ ಹಿಂದೆ ಸರಿಯುವ ಅಗತ್ಯ ಇರಲಿಲ್ಲ.

ಇನ್ನೂ ಹಿಂದಕ್ಕೆ, 1183ಕ್ಕೆ ಹೋಗಿ. ಯುದ್ಧ ಇನ್ನೂ ನಡೆಯುತ್ತಿತ್ತು. ಪೂರ್ವದ ಪ್ರಾಂತ್ಯಗಳ ಎಸ್ಟೇಟುಗಳನ್ನು, ಸರ್ಕಾರಿ ನೆಲವನ್ನು ಮೊದಲಿನ ಹಕ್ಕುದಾರರಿಗೆ ಮರಳಿಸಬೇಕು, ತಕರಾರು ಮಾಡಿದವರನ್ನು ಯೊರಿತೊಮೊ ನೋಡಿಕೊಳ್ಳುತ್ತಾನೆ ಎಂದು ಆಗ ಅರಮನೆ ಆಜ್ಞೆ ಹೊರಡಿಸಿತು. ಅವನ ಅಧಿಕಾರದ ಬೀಜ ಇಲ್ಲಿದೆ ಅಂತ ನನ್ನ ಅನಿಸಿಕೆ. ಬೇರೆಯವರ ಅಕ್ಕಿ ಬೇರೆಯವರಿಗೆ ತಲುಪುವಂತೆ ನೋಡಿಕೊಳ್ಳುವವನು ಎಂಬ ಸ್ಥಾನ ಅದು. 1192ರ ಶೋಗುನ್ ಬಿರುದು ಅದರ ಮೇಲಿನ ಒಂದು ಪಟ್ಟ, ಅಷ್ಟೆ.

ಹೊಳೆದಂಡೆ:
ಪೂರ್ವದ ಸೈನಿಕರು ಇವನ ಬೆನ್ನಿಗೆ ನಿಂತಿದ್ದು ಯಾಕೆ ಹಾಗಾದರೆ? ಅವರಿಗೆ ಕ್ಯೋತೋದವರ ಅಕ್ಕಿಯ ಚಿಂತೆ ಇರಲಿಲ್ಲವಲ್ಲ.

ಕಡತದಹುಳು:
ಒಬ್ಬನ ಕಥೆ ಹೇಳುತ್ತೇನೆ, ನಿಮಗೇ ಗೊತ್ತಾಗುತ್ತದೆ. ಚಿಬಾ ತ್ಸುನೆತಾನೆ, ಶಿಮೋಸಾ ಪ್ರಾಂತ್ಯದವನು. ಅವನ ಅಪ್ಪ 1130ರಲ್ಲಿ ಸೋಮಾ ಎಂಬ ತಮ್ಮ ಸೀಮೆಯನ್ನು ಇಸೆ ದೇಗುಲಕ್ಕೆ ಅರ್ಪಿಸಿ ತಾನು ಮೇಲ್ವಿಚಾರಕನಾಗಿದ್ದ. 1136ರಲ್ಲಿ ಗವರ್ನರ್ ‘ಕಂದಾಯ ಬಾಕಿ ಇದೆ’ ಅಂತ ಹಿಡಿದು ನೆಲವನ್ನು ತನ್ನ ಹೆಸರಿಗೆ ಬರೆಸಿಕೊಂಡ. ನಡುವೆ ಯೊರಿತೊಮೊನ ಅಪ್ಪ ಯೊಶಿತೊಮೊನೇ ಬಂದು ಒಂದು ಪಾಲಿಗೆ ಕೈಹಾಕಿದ. ತ್ಸುನೆತಾನೆ ಬಾಕಿ ಕಟ್ಟಿ, ಓಡಾಡಿ, ಮತ್ತೆ ಇಸೆಗೆ ಬರೆದುಕೊಟ್ಟು, ಹೇಗೋ ಉಳಿಸಿಕೊಂಡ. 1161ರಲ್ಲಿ ಸತಾಕೆ ಮನೆತನದವನೊಬ್ಬ ಆ ಹಳೆ ಗವರ್ನರನ ಕಡೆಯಿಂದ ಬಂದ ಪತ್ರ ತೋರಿಸಿ ಸೋಮಾ ತನ್ನದೆಂದ. ಇವನ ಕೈ ತಪ್ಪಿತು.

1180ರಲ್ಲಿ ಯೊರಿತೊಮೊ ದಂಗೆ ಎದ್ದಾಗ ತ್ಸುನೆತಾನೆ ಮಕ್ಕಳನ್ನೆಲ್ಲ ಕಟ್ಟಿಕೊಂಡು ಸೇರಿದ. ಅದೇ ವರ್ಷ ಫುಜಿ ಹೊಳೆಯ ಹತ್ತಿರ ತೈರಾ ಸೈನ್ಯ ಓಡಿಹೋದಾಗ ಯೊರಿತೊಮೊ ನೇರ ಕ್ಯೋತೋಗೆ ನುಗ್ಗೋಣ ಎಂದ. ಬೇಡ, ಮೊದಲು ಹಿತಾಚಿಯ ಸತಾಕೆಗಳನ್ನು ಹೊಡೆಯೋಣ ಎಂದವರಲ್ಲಿ ಈ ತ್ಸುನೆತಾನೆ ಒಬ್ಬ! ರಾಜಧಾನಿ ಹಿಡಿಯುವುದಕ್ಕಿಂತ ಮುಂಚೆ ಅವನ ಜಮೀನಿನ ವ್ಯಾಜ್ಯ ತೀರಬೇಕಿತ್ತು. ಸತಾಕೆಗಳನ್ನು ಹೊಡೆದರು, ಸೋಮಾ ಮರಳಿತು.

ಮಲ್ಲಿಗೆಬಳ್ಳಿ:
ಅದೇ ತ್ಸುನೆತಾನೆ 1192ರಲ್ಲಿ ತೆಗೆದ ಜಗಳ ನನಗೆ ಬಹಳ ಇಷ್ಟ. ಅಷ್ಟು ಹೊತ್ತಿಗೆ ಯೊರಿತೊಮೊ ಕಚೇರಿ ಕಟ್ಟಿ, ಹಳೆಯ ಹಕ್ಕುಪತ್ರಗಳನ್ನು ವಾಪಸು ತೆಗೆದುಕೊಂಡು, ಕಚೇರಿಯ ಅಧಿಕಾರಿಗಳು ರುಜು ಹಾಕಿದ ಹೊಸ ಪತ್ರ ಕೊಡಲು ಶುರುಮಾಡಿದ್ದ. ಈ ಮುದುಕ ಒಪ್ಪಲೇ ಇಲ್ಲ. ಗುಮಾಸ್ತರ ರುಜು ಇದ್ದರೆ ಮುಂದೆ ಯಾರು ಕೇಳುತ್ತಾರೆ, ನಿನ್ನ ಕೈಯ ಗುರುತೇ ಬೇಕು ಎಂದು ಪಟ್ಟುಹಿಡಿದು ಯೊರಿತೊಮೊನ ಸ್ವಂತ ಅಂಕಿತ ಇರುವ ಪತ್ರವನ್ನೂ ಬರೆಸಿಕೊಂಡ. ಕಾಮಕುರದ ಆಡಳಿತಕ್ಕೇ ಸೇರಿದ ವೃತ್ತಾಂತದಲ್ಲಿ ಇದು ದಾಖಲಾಗಿದೆ.

ಧಾರವಾಡದಾಂವ:
ಮುದುಕ ಶಾಣ್ಯಾ ಇದ್ದ ಬಿಡ್ರಿ! ಆಫೀಸಿನ ಸಿಕ್ಕಾದ ಮ್ಯಾಲೆ ಅವಂಗೂ ಭರೋಸಾ ಇರಲಿಲ್ಲ.

ಕತ್ತಿವರಸೆ:
ಸರಿ, 1186ರಲ್ಲಿ ಹಿಂದೆ ಸರಿದ ಅಂತಲೇ ಇಟ್ಟುಕೊಳ್ಳೋಣ. 1221ಕ್ಕೆ ಏನಂತೀರಿ? ನಿವೃತ್ತ ಚಕ್ರವರ್ತಿ ಗೋ-ತೋಬಾ, ಆಗ ಕಾಮಕುರದ ಆಡಳಿತ ನಡೆಸುತ್ತಿದ್ದ ಹೋಜೋ ಯೊಶಿತೋಕಿಯನ್ನು ಹೊಡೆಯಿರಿ ಅಂತ ಆಜ್ಞೆ ಕೊಟ್ಟ. ಕಾಮಕುರದವರು ಕ್ಯೋತೋಗೇ ನುಗ್ಗಿ, ಗೋ-ತೋಬಾನನ್ನು ಓಕಿ ದ್ವೀಪಕ್ಕೆ, ಇನ್ನೊಬ್ಬ ನಿವೃತ್ತ ಚಕ್ರವರ್ತಿ ಜುಂತೊಕುವನ್ನು ಸಾದೊ ದ್ವೀಪಕ್ಕೆ ಅಟ್ಟಿ, ಪಟ್ಟದಲ್ಲಿದ್ದ ಮಗುವನ್ನು ಇಳಿಸಿದರು. ಸುಮಾರು 3000 ಕಡೆಯ ನೆಲ ಮುಟ್ಟುಗೋಲಾಯಿತು. ಇಲ್ಲಿ ಕಾಗದ ಎಲ್ಲಿದೆ, ಕಾನೂನು ಎಲ್ಲಿದೆ?

ಕಡತದಹುಳು:
ಒಳ್ಳೆಯ ಉದಾಹರಣೆ ಕೊಟ್ಟಿರಿ, ಯಾಕೆಂದರೆ ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಪೂರ್ತಿ ಗೆದ್ದಿದ್ದರು. ಆ ಮೂರು ಸಾವಿರ ಕಡೆಗಳಲ್ಲಿ ಹೊಂಕೆ, ರ್ಯೋಕೆಗಳನ್ನು ಅಳಿಸಿಹಾಕುವ ಅವಕಾಶ ಕೈಯಲ್ಲಿತ್ತು. ಅಳಿಸಲಿಲ್ಲ. ಸೋತವರ ಹುದ್ದೆಗೆ ತಮ್ಮವರನ್ನು ಕೂರಿಸಿದರು, ಮೇಲಿನ ಪಾಲುದಾರರು ಇದ್ದಂತೆಯೇ ಉಳಿದರು.

1223ರಲ್ಲಿ ಹೊಸ ಜಿತೋಗಳಿಗೆ ಒಂದು ದರ ಗೊತ್ತುಮಾಡಿದರು. ಹಳೆಯ ಆದಾಯ ಸರಿಯಾಗಿ ಇಲ್ಲದ ಕಡೆ ಪ್ರತಿ 11 ಚೋ ಗದ್ದೆಗೆ 1 ಚೋ ಜಿತೋಗೆ, ಅದರ ಕಂದಾಯ ಮೇಲಕ್ಕೆ ಹೋಗುವುದಿಲ್ಲ. ಉಳಿದದ್ದರಲ್ಲಿ ತಾನ್‌ಗೆ 5 ಶೋ ಹೆಚ್ಚುವರಿ ಅಕ್ಕಿ. ಕಾಡು, ಹೊಳೆಯ ಉತ್ಪನ್ನದಲ್ಲಿ ಅರ್ಧ. ಲೆಕ್ಕ ಹಾಕಿ ನೋಡಿ: 1 ಚೋ ಅಂದರೆ 10 ತಾನ್, ನಮ್ಮ ಸುಮಾರು ಮೂರು ಎಕರೆ. 11 ಚೋ ಇರುವ ಹಳ್ಳಿಯಲ್ಲಿ ಮೂರು ಎಕರೆ ಗದ್ದೆ, ಜೊತೆಗೆ ಉಳಿದ 100 ತಾನ್‌ಗೆ 500 ಶೋ, ಅಂದರೆ 5 ಕೊಕು ಅಕ್ಕಿ. ದೇಶ ಗೆದ್ದವರ ಪಾಲು ಇಷ್ಟು. ಮಿಕ್ಕಿದ್ದು ಕ್ಯೋತೋಗೆ ಹೋಗಲೇಬೇಕು.

ಕತ್ತಿವರಸೆ:
ಹೋಗಲೇಬೇಕು ಅಂತ ಬರೆದಿಟ್ಟರೆ ಹೋಗುತ್ತದೆಯೇ? ಜಿತೋ ಇರುವುದು ಹಳ್ಳಿಯಲ್ಲಿ, ಕೈಯಲ್ಲಿ ಬಿಲ್ಲು. ಭಿಕ್ಷು ಇರುವುದು ಕ್ಯೋತೋದಲ್ಲಿ, ಕೈಯಲ್ಲಿ ಜಪಮಣಿ.

ಕಡತದಹುಳು:
ಹೋಗದಿದ್ದಾಗ ದಾವೆ. 1232ರಲ್ಲಿ ಹೋಜೋ ಯಾಸುತೋಕಿ 51 ಕಲಮುಗಳ ಸಂಹಿತೆ ತಂದದ್ದೇ ಇಂಥ ವ್ಯಾಜ್ಯಗಳು ಮಿತಿಮೀರಿದ್ದಕ್ಕೆ. ಐದನೆಯ ಕಲಮು ನೇರವಾಗಿದೆ. ಜಿತೋ ವರ್ಷದ ಕಂದಾಯ ತಡೆಹಿಡಿದಿದ್ದಾನೆಂದು ಎಸ್ಟೇಟಿನ ಒಡೆಯ ದೂರು ಕೊಟ್ಟರೆ ಲೆಕ್ಕ ನೋಡಬೇಕು. ಬಾಕಿ ಕಡಿಮೆಯಿದ್ದರೆ ತಕ್ಷಣ ತೀರಿಸಬೇಕು, ಹೆಚ್ಚಿದ್ದರೆ ಮೂರು ವರ್ಷದೊಳಗೆ. ತಪ್ಪಿದರೆ ಹುದ್ದೆ ಹೋಯಿತು. ಶೋಗುನ್ ಆಡಳಿತ ತನ್ನದೇ ಮನುಷ್ಯನ ವಿರುದ್ಧ ಬರೆದ ಕಾನೂನು ಇದು. ಹಾಗೆಯೇ ಎಂಟನೆಯ ಕಲಮು: 20 ವರ್ಷ ಅನುಭವದಲ್ಲಿದ್ದ ನೆಲವನ್ನು, ಹಕ್ಕು ಸರಿಯೋ ತಪ್ಪೋ ಕೆದಕದೆ, ಅವನಿಗೇ ಬಿಡಬೇಕು.

1249ರಲ್ಲಿ ಭೂವ್ಯಾಜ್ಯ ನೋಡಲೆಂದೇ ಪ್ರತ್ಯೇಕ ಪೀಠಗಳನ್ನು ರಚಿಸಿದರು. ಎರಡೂ ಕಡೆಯವರು ಮೂರು ಸುತ್ತು ಲಿಖಿತ ವಾದ-ಪ್ರತಿವಾದ ಸಲ್ಲಿಸಬೇಕು, ಆಮೇಲೆ ಮುಖಾಮುಖಿ ವಿಚಾರಣೆ. ಪತ್ರ ಇಲ್ಲದವನ ಮಾತಿಗೆ ಬೆಲೆ ಕಡಿಮೆ.

ಮಲ್ಲಿಗೆಬಳ್ಳಿ:
ಆ ನ್ಯಾಯಾಲಯಕ್ಕೆ ಹೆಂಗಸರೂ ಹೋಗುತ್ತಿದ್ದರು ಅನ್ನುವುದನ್ನು ಸೇರಿಸುತ್ತೇನೆ. ಕವಯಿತ್ರಿ ಅಬುತ್ಸು, ಗಂಡ ತೀರಿದ ಮೇಲೆ ಸನ್ಯಾಸಿನಿಯಾಗಿದ್ದವಳು. ಹಾರಿಮಾ ಪ್ರಾಂತ್ಯದ ಹೊಸೊಕಾವಾ ಎಸ್ಟೇಟಿನ ಹಕ್ಕು ತನ್ನ ಮಗ ತಾಮೆಸುಕೆಗೆ ಬರಬೇಕೆಂದು ಮಲಮಗನ ಮೇಲೆ ದಾವೆ ಹೂಡಲು 1279ರಲ್ಲಿ ಕ್ಯೋತೋ ಬಿಟ್ಟು ಕಾಮಕುರಕ್ಕೆ ಹೊರಟಳು. ಆ ಪ್ರಯಾಣದ ದಿನಚರಿ ಇಂದು ಜಪಾನಿ ಸಾಹಿತ್ಯದಲ್ಲಿ ದೊಡ್ಡ ಹೆಸರು. 1283ರಲ್ಲಿ ಅವಳು ತೀರಿಕೊಂಡಾಗ ತೀರ್ಪು ಬಂದಿರಲಿಲ್ಲ. ತಾಮೆಸುಕೆಯ ಪರ ಕೊನೆಯ ತೀರ್ಪು ಬಂದಿದ್ದು 1313ರಲ್ಲಿ.

ಗಮನಿಸಿ, ಇದು ಕ್ಯೋತೋದ ಕುಲೀನರ ಮನೆಯೊಳಗಿನ ಆಸ್ತಿ ಜಗಳ. ಆದರೂ ಜಿತೋ ಹಕ್ಕಿನ ಪ್ರಶ್ನೆ ಬಂದ ಕೂಡಲೆ ಕಾಮಕುರಕ್ಕೇ ಹೋಗಬೇಕಾಯಿತು.

ಧಾರವಾಡದಾಂವ:
ಮೂವತ್ತು ವರ್ಷ ಮೀರಿ ತಾರೀಖು! ಇದು ಮಾತ್ರ ಎಲ್ಲಾ ದೇಶದಾಗೂ ಒಂದ ನಮೂನಿ.
ಅದಿರಲಿ, ಹೊಲದಾಗ ದುಡಿಯೋ ಮಂದಿ ಕಥಿ ಏನ್ರಿ? ಮ್ಯಾಲಿನವರ ಪಾಲಿಂದ ಇಷ್ಟು ಹೇಳಿದ್ರಿ, ಅವರನ್ನ ಕೇಳವರು ಯಾರೂ ಇರಲಿಲ್ಲೇನು?

ಮಲ್ಲಿಗೆಬಳ್ಳಿ:
ಅವರೇ ಬರೆದ ಒಂದು ಅರ್ಜಿ ಉಳಿದಿದೆ ಸರ್. ಕೀ ಪ್ರಾಂತ್ಯದ ಆತೆಗಾವಾ ಎಸ್ಟೇಟು, 1275. ಮರದ ದಿಮ್ಮಿ ಕಡಿದು ಕ್ಯೋತೋದ ಒಡೆಯ ದೇವಾಲಯಕ್ಕೆ ಕಳಿಸಬೇಕಾದ ಹಳ್ಳಿಗರು, ದಿಮ್ಮಿ ಯಾಕೆ ತಡವಾಯಿತು ಎಂದು 13 ಕಲಮುಗಳಲ್ಲಿ ಕತಕಾನಾ ಎಂಬ ಸರಳ ಉಚ್ಚಾರಾಕ್ಷರಗಳಲ್ಲಿ ಬರೆದದ್ದು. ಓದಲು ಕಷ್ಟವಾಗುವಷ್ಟು ಒರಟು ಬರಹ. ನಾವು ದಿಮ್ಮಿಗೆಂದು ಕಾಡಿಗೆ ಹೊರಟರೆ ಜಿತೋ ಅಟ್ಟಿಸಿಕೊಂಡು ಬಂದು ವಾಪಸು ಕರೆದೊಯ್ಯುತ್ತಾನೆ, ಓಡಿಹೋದವರ ಹೊಲಕ್ಕೆ ಗೋಧಿ ಬಿತ್ತು ಅನ್ನುತ್ತಾನೆ, ಬಿತ್ತದಿದ್ದರೆ ಹೆಂಡತಿ ಮಕ್ಕಳನ್ನು ಕೂಡಿಹಾಕಿ ಕಿವಿ ಕತ್ತರಿಸಿ, ಮೂಗು ಕೊಯ್ದು, ಕೂದಲು ಕತ್ತರಿಸಿ ಸನ್ಯಾಸಿನಿ ಮಾಡಿ, ಹಗ್ಗದಲ್ಲಿ ಕಟ್ಟಿ ಹಿಂಸೆ ಕೊಡುತ್ತೇನೆ ಅನ್ನುತ್ತಾನೆ ಎಂದು ಅದರಲ್ಲಿದೆ.

ಜಿತೋ ಯುಆಸಾ ಮನೆತನದವನು. ಕಾಮಕುರದ ಹಕ್ಕುಪತ್ರ ಹಿಡಿದವನೇ. ಕಡತದಹುಳು ಸರ್ ಹೇಳುವ ಕಾನೂನು ಸುಳ್ಳಲ್ಲ, ಆದರೆ ಕಾನೂನಿನ ಭಾಷೆ ಆ ಕಾಡಿನ ಊರಿಗೆ ತಲುಪುವ ಹೊತ್ತಿಗೆ ಹೀಗಿತ್ತು ಅನ್ನುವುದೂ ಸುಳ್ಳಲ್ಲ. ಒಂದು ಬಿಟ್ಟರೆ ಇನ್ನೊಂದು ಅರ್ಥವಾಗುವುದಿಲ್ಲ. ಆ ಊರವರು ಅರ್ಜಿ ಕೊಟ್ಟದ್ದೂ ಕಾಮಕುರಕ್ಕಲ್ಲ, ದೇವಾಲಯಕ್ಕೆ. ಇಬ್ಬರು ಯಜಮಾನರಿದ್ದರೆ ಒಬ್ಬನ ಮೇಲೆ ಇನ್ನೊಬ್ಬನಿಗೆ ದೂರು ಹೇಳಲಿಕ್ಕಾದರೂ ದಾರಿ ಇತ್ತು.

ಕತ್ತಿವರಸೆ:
ನಾನು ಹೇಳಿದ್ದೂ ಅದನ್ನೇ ಅಕ್ಕಾ. ತೀರ್ಪು ಬರುತ್ತಿತ್ತು, ಜಿತೋ ಕೇಳುತ್ತಿರಲಿಲ್ಲ, ಮತ್ತೆ ದಾವೆ. ಕೊನೆಗೆ ಒಡೆಯರೇ ಸುಸ್ತಾಗಿ ರಾಜಿಗೆ ಬಂದರು. ‘ವರ್ಷಕ್ಕೆ ಇಷ್ಟು ಅಂತ ಕೊಡು, ಊರು ನೀನೇ ನಡೆಸಿಕೊ’ ಅನ್ನುವುದು ಒಂದು ಬಗೆ. ಇನ್ನೊಂದು, ನೆಲವನ್ನೇ ಸೀಳಿ ಹಂಚಿಕೊಳ್ಳುವುದು.

ಕಡತದಹುಳು:
ಸೀಳಿದ್ದಕ್ಕೆ ನಕ್ಷೆಯೇ ಇದೆ. ಹೋಕಿ ಪ್ರಾಂತ್ಯದ ತೋಗೋ ಎಸ್ಟೇಟು, 1258, ಈಗಿನ ತೊತ್ತೋರಿ ಸೀಮೆ. ಒಡೆಯ ಕ್ಯೋತೋದ ಮಾತ್ಸುನೋ ದೇಗುಲ. ಕೆರೆ, ಗದ್ದೆ, ಗುಡ್ಡ, ಕುದುರೆ ಮೇಯುವ ಹುಲ್ಲುಗಾವಲು, ಕಡಲಲ್ಲಿ ದೋಣಿ, ಎಲ್ಲವನ್ನೂ ಬಿಡಿಸಿ ನಡುವೆ ಕೆಂಪು ಗೆರೆ ಎಳೆದಿದ್ದಾರೆ. ಒಂದು ಕಡೆ ರ್ಯೋಕೆ ಪಾಲು, ಇನ್ನೊಂದು ಕಡೆ ಜಿತೋ ಪಾಲು ಅಂತ ಬರಹ. ಗೆರೆಗಳ ಪಕ್ಕ ಕಾಮಕುರದ ಇಬ್ಬರು ಮುಖ್ಯಾಧಿಕಾರಿಗಳಾದ ಹೋಜೋ ನಾಗಾತೋಕಿ, ಹೋಜೋ ಮಾಸಾಮುರಾ ಇವರ ಅಂಕಿತ. ನೀವು ಇದನ್ನು ಜಿತೋನ ಗೆಲುವು ಅನ್ನುತ್ತೀರಿ. ಸರಿ. ಆದರೆ ಆ ಗೆಲುವಿಗೂ ಶೋಗುನ್ ಕಚೇರಿಯ ಅಂಕಿತ ಬೇಕಾಯಿತು. ಅದಿಲ್ಲದಿದ್ದರೆ ನಾಳೆ ಪಕ್ಕದ ಜಿತೋ ಬಂದು ಗೆರೆ ಅಳಿಸುತ್ತಾನೆ.

ಹೊಳೆದಂಡೆ:
ಈಗ ಸ್ವಲ್ಪ ಬೆಳಕು ಬಿತ್ತು. ಇಷ್ಟು ಗಟ್ಟಿಯಾಗಿದ್ದ ಏರ್ಪಾಡು ಕುಸಿದಿದ್ದು ಮಂಗೋಲರ ದಾಳಿಯಿಂದಲೇ?

ಕಡತದಹುಳು:
ಅದೊಂದೇ ಕಾರಣ ಅಂದರೆ ಸರಳ ಮಾಡಿದ ಹಾಗೆ. ಆದರೆ ಪೆಟ್ಟು ಬಿದ್ದದ್ದು ನಿಜ. 1274, 1281ರ ಯುದ್ಧಗಳಲ್ಲಿ ಗೆದ್ದರೂ ಮುಟ್ಟುಗೋಲು ಹಾಕಲು ಒಂದು ತಾನ್ ನೆಲ ಸಿಗಲಿಲ್ಲ. ಹಂಚಲು ಏನಿದೆ? ಹಿಗೋ ಪ್ರಾಂತ್ಯದ ತಾಕೆಜಾಕಿ ಸುಎನಾಗಾ ಮೊದಲ ಯುದ್ಧದಲ್ಲಿ ಹೋರಾಡಿದ್ದಕ್ಕೆ ಇನಾಮು ಸಿಗಲಿಲ್ಲವೆಂದು 1275ರಲ್ಲಿ ಕುದುರೆ, ಜೀನು ಮಾರಿ ಕಾಮಕುರದವರೆಗೆ ಹೋಗಿ, ಶೋಗುನ್ ಆಡಳಿತದ ದೊಡ್ಡ ಅಧಿಕಾರಿ ಅದಾಚಿ ಯಾಸುಮೊರಿಯ ಎದುರು ವಾದಿಸಿ ಕಾಇತೋ ಎಂಬಲ್ಲಿನ ಜಿತೋ ಹುದ್ದೆ ಪಡೆದ. ಅಷ್ಟು ಜಗಳಗಂಟಿಯಲ್ಲದವರಿಗೆ ಏನೂ ಇಲ್ಲ.

ಅದರ ಜೊತೆಗೆ ಮಕ್ಕಳಿಗೆ ಪಾಲು ಹಂಚಿ ಹಂಚಿ ಹಿಡುವಳಿ ಚೂರಾಗಿತ್ತು, ನಾಣ್ಯದ ಸಾಲ ಏರಿತ್ತು. 1297ರಲ್ಲಿ ಒಂದು ಸಾಲಪರಿಹಾರದ ಆಜ್ಞೆ ಬಂತು. ಶೋಗುನ್ ಪರಿವಾರದವರು, ಅಂದರೆ ಅವನಿಗೆ ನಿಷ್ಠರಾದ ಯೋಧರು, ಮಾರಿದ ನೆಲ ಅವರಿಗೆ ವಾಪಸು, ಕೊಂಡವನಿಗೆ ದುಡ್ಡಿಲ್ಲ! ಕೊಂಡವನೂ ಪರಿವಾರದವನೇ ಆಗಿದ್ದರೆ ಮಾತ್ರ ಆ 20 ವರ್ಷದ ನಿಯಮ ಅವನನ್ನು ಕಾಯುತ್ತಿತ್ತು. ಬೇರೆಯವರಿಗೆ ಎಷ್ಟು ವರ್ಷವಾಗಿದ್ದರೂ ರಕ್ಷೆಯಿಲ್ಲ. ಪತ್ರಕ್ಕೆ ಬೆಲೆ ಕೊಟ್ಟು ಬೆಳೆದ ಆಡಳಿತ ತಾನೇ ಪತ್ರ ಹರಿದಂತಾಯಿತು.

ಕತ್ತಿವರಸೆ:
1333ರಲ್ಲಿ ಕಾಮಕುರ ಬಿತ್ತು. ಆಮೇಲಿನ ಅಶಿಕಾಗಾ ಶೋಗುನ್‌ಗಳ ಕಾಲದಲ್ಲಿ ನನ್ನ ಮಾತೇ ನಿಜವಾಗುತ್ತದೆ, ನೋಡಿ. 1352ರಲ್ಲಿ ಓಮಿ, ಮಿನೊ, ಒವಾರಿ ಈ ಮೂರು ಪ್ರಾಂತ್ಯಗಳ ಎಸ್ಟೇಟು ಆದಾಯದಲ್ಲಿ ಅರ್ಧ ಸೈನ್ಯಕ್ಕೆ, ಆ ಒಂದು ವರ್ಷಕ್ಕೆ ಮಾತ್ರ ಎಂದರು. ಒಂದು ವರ್ಷದ್ದು ಯಾವತ್ತಾದರೂ ಒಂದು ವರ್ಷಕ್ಕೆ ನಿಂತಿದೆಯೇ? 1368ರ ಆಜ್ಞೆಯಲ್ಲಿ ಅರಮನೆಯ, ದೊಡ್ಡ ದೇವಾಲಯಗಳ ನೆಲ ಬಿಟ್ಟು ಉಳಿದ ಕಡೆ ಅರ್ಧಪಾಲು ಕಾಯಂ ಆಯಿತು. ಆ ಅರ್ಧವನ್ನು ಹಂಚುವವನು ಪ್ರಾಂತ್ಯದ ಶುಗೊ. ಜಿತೋಗಳೆಲ್ಲ ಅವನ ಕೈಕೆಳಗೆ ಬಂದರು. ಶೋಗುನ್ ಅಂಕಿತ ಯಾರಿಗೂ ಬೇಕಿರಲಿಲ್ಲ.

ಕಡತದಹುಳು:
ಇದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಹಕ್ಕು ಕೊಡುವವನಿಗೂ ಹಕ್ಕು ಜಾರಿ ಮಾಡುವವನಿಗೂ ನಡುವೆ ಶುಗೊ ಕೂತ. 1346ರಲ್ಲೇ ತೀರ್ಪು ಜಾರಿ ಮಾಡುವ ಕೆಲಸವನ್ನು ಶುಗೊಗಳಿಗೆ ವಹಿಸಿದ್ದರು. ಅಲ್ಲಿಗೆ ಶೋಗುನ್ ಕೈಯಲ್ಲಿ ತೀರ್ಪು ಬರೆಯುವ ಕೆಲಸವಷ್ಟೇ ಉಳಿಯಿತು.

ಮಲ್ಲಿಗೆಬಳ್ಳಿ:
ಆದರೂ ಅಕ್ಕಿ ಪೂರ್ತಿ ನಿಲ್ಲಲಿಲ್ಲ. ಬಿಚ್ಚೂ ಪ್ರಾಂತ್ಯದ ನೀಮಿ ಎಸ್ಟೇಟು ತೋಜಿಯದು. ಅಲ್ಲಿನ ಹಳ್ಳಿಗರೇ 1461ರಲ್ಲಿ, ಬರಗಾಲದ ನಡುವೆ, ಹೊಸೊಕಾವಾ ಎಂಬ ಶುಗೊ ಮನೆತನದ ಕಡೆಯ ಗುತ್ತಿಗೆ ವಸೂಲಿದಾರನನ್ನು ಓಡಿಸಿ, ‘ದೇವಾಲಯವೇ ನೇರ ಆಡಳಿತ ಮಾಡಲಿ’ ಎಂದು ಕ್ಯೋತೋಗೆ ಬರೆದರು. ತೋಜಿ ಯೂಸೆಯ್ ಎಂಬ ಭಿಕ್ಷುವನ್ನು ಕಳಿಸಿತು. ಅವನು ಬಾಕಿ ವಸೂಲಿಯಲ್ಲಿ ಅತಿ ಕಟ್ಟುನಿಟ್ಟು. 1463ರಲ್ಲಿ ಅವನ ಕೊಲೆಯಾಯಿತು. ಅವನ ಮನೆ ನೋಡಿಕೊಳ್ಳುತ್ತಿದ್ದ ತಾಮಾಗಾಕಿ ಎಂಬ ಹೆಂಗಸು ಅವನ ಸಾಮಾನಿನ ಪಟ್ಟಿ ಕೊಟ್ಟು, ನೆನಪಿಗೆ ಒಂದಿಷ್ಟನ್ನು ನನಗೆ ಬಿಡಿ ಎಂದು ತೋಜಿಗೆ ಬರೆದ ಪತ್ರ ಈಗಲೂ ಇದೆ.

ಇನ್ನೊಬ್ಬರು ಕುಜೋ ಮಾಸಾಮೊತೊ, ಚಕ್ರವರ್ತಿಗೆ ಮುಖ್ಯ ಸಲಹೆಗಾರರಾಗಿದ್ದವರು. 1501ರಲ್ಲಿ ಇಜುಮಿ ಪ್ರಾಂತ್ಯದ ತಮ್ಮ ಹಿನೆ ಎಸ್ಟೇಟಿನಿಂದ ಕಂದಾಯ ಬಾರದೆ, ತಾವೇ ಹೋಗಿ 1504ರವರೆಗೆ ಹಳ್ಳಿಯಲ್ಲಿ ಕೂತರು. ಶುಗೊನ ಸೈನಿಕರು, ಕ್ಷಾಮ, ಕಳ್ಳತನಕ್ಕೆ ಊರವರೇ ಕೊಟ್ಟ ಮರಣದಂಡನೆ, ಎಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟು ಕೊನೆಗೆ ಕ್ಯೋತೋಗೆ ಮರಳಿದರು.

ಹೊಳೆದಂಡೆ:
ಹಾಗಾದರೆ ಈ ಪಾಲಿನ ಹಕ್ಕುಗಳೆಲ್ಲ ಪೂರ್ತಿ ಸತ್ತದ್ದು ಯಾವಾಗ?

ಕಡತದಹುಳು:
ದೇಶವನ್ನು ಒಂದುಗೂಡಿಸಿದ ಸೇನಾಪತಿ ಹಿದೆಯೋಶಿಯ ಸರ್ವೆಯಲ್ಲಿ, 1582ರಿಂದ 1598ರೊಳಗೆ. ಊರೂರಿಗೆ ಅಳತೆಗೋಲು ಹೋಯಿತು, 360 ಬು ಇದ್ದ ತಾನ್ 300 ಬು ಆಯಿತು, ಅಕ್ಕಿ ಅಳೆಯುವ ಮಾಪು ಕ್ಯೋತೋದ್ದೇ ಎಂದಾಯಿತು. ಪ್ರತಿ ತುಂಡು ನೆಲದ ಎದುರು ಉಳುವವನ ಒಂದೇ ಹೆಸರು, ಊರಿನ ಒಟ್ಟು ಹುಟ್ಟುವಳಿ ಕೊಕು ಲೆಕ್ಕದಲ್ಲಿ. ಹೊಂಕೆ, ರ್ಯೋಕೆ, ಜಿತೋ ಎಂದು ಬರೆಯಲು ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ಧಾರವಾಡದಾಂವ:
ಅಕ್ಕಾರ, ಆ ನೀಮಿ ಪತ್ರ ಎಲ್ಲಿ ನೋಡ್ಲಿಕ್ಕೆ ಸಿಗತೈತ್ರಿ?

ಮಲ್ಲಿಗೆಬಳ್ಳಿ:
ತೋಜಿ ಹ್ಯಾಕುಗೋ ಮೊಂಜೊ ಎಂಬ ಕಡತ ಸಂಗ್ರಹದಲ್ಲಿದೆ ಸರ್. 2015ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಮೂಲ ಕಾಗದಗಳು ಕ್ಯೋತೋ ಪ್ರಿಫೆಕ್ಚರಿನ ಸರ್ಕಾರಿ ಸಂಗ್ರಹಾಲಯದಲ್ಲಿವೆ, ಚಿತ್ರಗಳನ್ನು ಅಂತರಜಾಲಕ್ಕೂ ಹಾಕಿದ್ದಾರೆ, ಉಚಿತ. ಜಪಾನಿ ಬಾರದಿದ್ದರೂ ತಾಮಾಗಾಕಿಯ ಕೈಬರಹ ನೋಡಬಹುದು.